ಏಡಿಯೋ, ನಕ್ಷತ್ರಮೀನೋ?

ಧಾರವಾಡದಲ್ಲಿ ಕೂತು ಎಂಎಸ್ಸಿ ಪ್ರಾಜೆಕ್ಟಿಗೆ ಕಡಲಜೀವಿಗಳ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಹಾರ್ಮೋನು ಆರಿಸಿಕೊಂಡಿದ್ದೀರಿ, ಖುಷಿಯಾಯ್ತು. ಅದನ್ನು ಏಡಿಯಿಂದ ತೆಗೆಯಲೋ, ನಕ್ಷತ್ರಮೀನಿನಿಂದಲೋ ಅನ್ನೋದು ನಿಮ್ಮ ಪ್ರಶ್ನೆ. ಆದರೆ ಸಮುದ್ರ ಇರೋದು ಘಟ್ಟದ ಕೆಳಗೆ, ಅಲ್ವಾ? ಏಡಿ ಒದ್ದೆ ಗೋಣಿಚೀಲದಲ್ಲಿ ಜೀವಂತ ಬರುತ್ತದೆ. ನಕ್ಷತ್ರಮೀನಿಗೆ ಉಪ್ಪುನೀರಿನ ತೊಟ್ಟಿ, ಗಾಳಿ ಪಂಪು ಬೇಕೇ ಬೇಕು; ಖರ್ಚು ಜಾಸ್ತಿ.

ಏಡಿಯ ಕಣ್ಣಿನ ತೊಟ್ಟಿನೊಳಗೆ ಹಾರ್ಮೋನು ಕೂಡಿಟ್ಟು ರಕ್ತಕ್ಕೆ ಬಿಡುವ ಸೈನಸ್ ಗ್ರಂಥಿ ಇದೆ. ಸೂಕ್ಷ್ಮದರ್ಶಕದಲ್ಲಿ ನೀಲಿ ಬೆರೆತ ಬಿಳಿ ಚುಕ್ಕೆಯ ಹಾಗೆ ಹೊಳೆಯುತ್ತದೆ. ಅದರ ರಸ ಚುಚ್ಚಿದರೆ ಏಡಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ, ಅದನ್ನು ಅಳೆಯಬಹುದು. ಆದರೆ ಆ ಚುಕ್ಕೆಯಲ್ಲೇ ಹಲವು ಪೆಪ್ಟೈಡುಗಳಿವೆ. ಬಿಡಿಸೋದು ತಾಳ್ಮೆಯ ಕೆಲಸ.

ನಕ್ಷತ್ರಮೀನಿನಲ್ಲಿ ಹಾರ್ಮೋನಿನ ಪರಿಣಾಮ ಕಣ್ಣಿಗೇ ಕಾಣುತ್ತದೆ. ಬಲಿತ ಅಂಡಾಶಯದ ಚೂರಿಗೆ ನಕ್ಷತ್ರಮೀನಿನ ನರದ ರಸ ಹಾಕಿದರೆ ಮೊಟ್ಟೆ ಸುರಿಯುತ್ತವೆ! ಆ ರಸದಲ್ಲಿ ಈ ಕೆಲಸ ಮಾಡುವ ಪೆಪ್ಟೈಡ್ ರಿಲ್ಯಾಕ್ಸಿನ್ (ಇನ್ಸುಲಿನ್‌ನ ಹತ್ತಿರದ ಹಾರ್ಮೋನು) ಬಳಗದ್ದೆಂದು 2009ರಲ್ಲಿ ಗೊತ್ತಾಯಿತು. ಮೊಟ್ಟೆ ಬಲಿಯುವ ಕಾಲಕ್ಕೆ ಮಾತ್ರ ಕಾಯಬೇಕು.

ಧಾರವಾಡದಲ್ಲೇ, ಕೆಲವೇ ತಿಂಗಳಲ್ಲಿ ಮುಗಿಸಬೇಕಾದರೆ ಏಡಿ. ಕಾರವಾರದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಜಾಗ ಸಿಕ್ಕರೆ ನಕ್ಷತ್ರಮೀನು.