ಒಂದು ಪಿಆರ್‌ಐ ಲೈನು: ಹಳೆಯ ಕಾರ್ಡು, ಹೊಸ ಕಾರ್ಡು, ಗೇಟ್‌ವೇ
ಬದಿಯಡ್ಕದ ನಮ್ಮ ಅಡಿಕೆ ವ್ಯಾಪಾರದ ಕಚೇರಿಗೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಕರೆಗಳು ಬರುವುದರಿಂದ, ಭಾಷೆಗೆ ತಕ್ಕ ಗುಮಾಸ್ತರಿಗೆ ಅವನ್ನು ಹಂಚುವ ಕಂಪ್ಯೂಟರ್ ಆಧಾರಿತ ಫೋನ್ ವ್ಯವಸ್ಥೆ ಬೇಕಾಗಿತ್ತು. ತಂತ್ರಾಂಶಕ್ಕೆ ದುಡ್ಡು ಬೇಡ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟರಿಸ್ಕ್ ಉಚಿತವಾಗಿಯೇ ಸಿಗುತ್ತದೆ. ಖರ್ಚೆಲ್ಲ ಲೈನನ್ನು ಕಂಪ್ಯೂಟರಿಗೆ ಜೋಡಿಸುವ ಯಂತ್ರದ್ದು. ಪತ್ತನಾಜೆಯಿಂದ (ಮೇ ಕೊನೆಯಿಂದ) ಧನು ತಿಂಗಳವರೆಗೆ ಮೂರು ಬಗೆಯ ಯಂತ್ರಗಳನ್ನು ಒಂದೇ ಪಿಆರ್‌ಐ ಲೈನಿನಲ್ಲಿ, ಅಂದರೆ ಒಟ್ಟಿಗೆ ಮೂವತ್ತು ಕರೆ ಹೊರುವ ಡಿಜಿಟಲ್ ಲೈನಿನಲ್ಲಿ, ಬಳಸಿ ನೋಡಿದೆ: ಕಂಪ್ಯೂಟರಿನೊಳಗೆ ಕೂರುವ ಎರಡು ಕಾರ್ಡು, ಹೊರಗೆ ಇಡುವ ಒಂದು ಗೇಟ್‌ವೇ ಪೆಟ್ಟಿಗೆ. ಎರಡೇ ಮಾತಿನ ಚಾನೆಲುಗಳಿರುವ ಬಿಆರ್‌ಐ ಎಂಬ ಚಿಕ್ಕ ಲೈನಿನ ಕಾರ್ಡುಗಳು ಅಗ್ಗವಾದರೂ ನಮ್ಮ ಕೆಲಸಕ್ಕೆ ಸಾಲವು.

ಮೊದಲನೆಯದು ಸೆಕೆಂಡ್‌ಹ್ಯಾಂಡ್ ಪಿಸಿಐ ಕಾರ್ಡು. ಬೆಲೆ ಗೇಟ್‌ವೇಯ ಕಾಲು ಭಾಗವೂ ಇರಲಿಲ್ಲ. ಆದರೆ ಈಗಿನ ಮದರ್‌ಬೋರ್ಡುಗಳಲ್ಲಿ ಪಿಸಿಐ ಸ್ಲಾಟು ಅಪರೂಪವಾದ್ದರಿಂದ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಇಳಿಸಬೇಕಾಯಿತು. ಪಿಆರ್‌ಐ ಬರುವ ಇ1 ಕೊಂಡಿಯಲ್ಲಿ 32 ಸ್ಲಾಟುಗಳು, ಅಂದರೆ ಸರದಿಯ ಪಾಲುಗಳು. 0 ಹೊಂದಾಣಿಕೆಗೆ, 16 ಸಂಕೇತಕ್ಕೆ, ಉಳಿದ 30 ಮಾತಿಗೆ. ಕಾರ್ಡಿನ ದೀಪ ಹಸಿರಾಗಿತ್ತು, ಕರೆಗಳೂ ಬರುತ್ತಿದ್ದವು, ಆದರೂ ಮಾತಿನ ನಡುವೆ ಆಗಾಗ ‘ಟಿಕ್’ ಎಂಬ ಸದ್ದು, ಫ್ಯಾಕ್ಸ್ ಅರ್ಧ ಪುಟಕ್ಕೆ ನಿಲ್ಲುತ್ತಿತ್ತು. ಮೂರು ದಿನ ಕೇಬಲನ್ನು ದೂರಿದೆ. ಕೊನೆಗೆ ನೋಡಿದರೆ, ಕಾರ್ಡನ್ನು ಆಸ್ಟರಿಸ್ಕಿಗೆ ಜೋಡಿಸುವ ಡಾಡಿ ಚಾಲಕದಲ್ಲಿ, ಕೊಂಡಿಯ ವಿವರ ಬರೆಯುವ ಸ್ಪಾನ್ ಸಾಲಿನ ಎರಡನೆಯ ಅಂಕಿಯನ್ನು ನಾನೇ 0 ಎಂದು ಬರೆದಿದ್ದೆ. ಹಾಗೆ ಬರೆದರೆ ಕಾರ್ಡು ಎಕ್ಸ್‌ಚೇಂಜಿನ ಗಡಿಯಾರವನ್ನು ಅನುಸರಿಸದೆ, ಎರಡು ಗಡಿಯಾರಗಳ ಅಂತರ ಬೆಳೆದಾಗಲೆಲ್ಲ ಒಂದು ಚೌಕಟ್ಟು (32 ಸ್ಲಾಟುಗಳ ಒಂದು ಸುತ್ತು) ಜಾರಿಹೋಗುತ್ತದೆ. 1 ಎಂದು ತಿದ್ದಿದ ಮೇಲೆ ಸದ್ದು ನಿಂತಿತು. ಪ್ರತಿಧ್ವನಿ ಮಾತ್ರ ಉಳಿಯಿತು: ಅದು ಹುಟ್ಟುವುದು ಅತ್ತ ಕಡೆಯ ಎರಡು ತಂತಿಯ ಫೋನಿನಲ್ಲಾದರೂ, ಅಳಿಸುವ ಭಾರ ಕಂಪ್ಯೂಟರಿನ ಮೇಲೆ ಬೀಳುತ್ತದೆ.

ಎರಡನೆಯದು ಹೊಸ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು. ಪ್ರತಿಧ್ವನಿ ಅಳಿಸುವ ಚಿಪ್ಪು ಇದರಲ್ಲೇ ಇದ್ದುದರಿಂದ ಕುಂಬಳೆಯ ಹಳೆಯ ಲ್ಯಾಂಡ್‌ಲೈನಿನವರ ಮಾತೂ ತಿಳಿಯಾಗಿ ಕೇಳಿತು. ಧ್ವನಿಯ ಮಟ್ಟಿಗೆ ಮೂರರಲ್ಲಿ ಇದೇ ಮೇಲು. ಕರ್ನಲ್ (ಕಂಪ್ಯೂಟರಿನ ಕಾರ್ಯವ್ಯವಸ್ಥೆಯ ತಿರುಳು) ಬದಲಾದರೆ ಡಾಡಿಯನ್ನು ಮತ್ತೆ ಕಟ್ಟಬೇಕು; ಅದನ್ನು ಮರೆತ ಒಂದು ಬೆಳಗ್ಗೆ ಹತ್ತು ಗಂಟೆಯವರೆಗೂ ಫೋನುಗಳು ಮೂಕವಾಗಿದ್ದವು. ಅದನ್ನು ಸಹಿಸಬಹುದಿತ್ತು. ತುಲಾ ತಿಂಗಳ ಒಂದು ಸಂಜೆಯ ಸಿಡಿಲು ತಾಮ್ರದ ತಂತಿಯ ಮೂಲಕ ಬಂದು ಮೋಡೆಮ್, ಕಾರ್ಡು, ಅದು ಕುಳಿತಿದ್ದ ಮದರ್‌ಬೋರ್ಡು ಮೂರನ್ನೂ ಒಟ್ಟಿಗೆ ಸುಟ್ಟಿತು.

ಆಮೇಲೆ ಪರಿಚಯದವರಿಂದ ಎರವಲು ತಂದ ಗೇಟ್‌ವೇಯ ಒಂದು ಕಡೆ ಪಿಆರ್‌ಐ, ಇನ್ನೊಂದು ಕಡೆ ಈಥರ್‌ನೆಟ್. ಕಂಪ್ಯೂಟರಿಗೆ ಕಾಣುವುದು ಸಿಪ್, ಅಂದರೆ ನೆಟ್‌ವರ್ಕಿನ ಮೇಲೆ ಕರೆ ನಡೆಸುವ ವಿಧಾನ, ಮಾತ್ರ. ಚಾಲಕದ ಗೊಡವೆಯಿಲ್ಲ, ಸರ್ವರ್ ಕೆಟ್ಟರೆ ಇನ್ನೊಂದನ್ನು ನಿಲ್ಲಿಸಬಹುದು. ಗೇಟ್‌ವೇಗೂ ಸರ್ವರಿಗೂ ನಡುವೆ ಫೈಬರ್ ತುಂಡೊಂದನ್ನು ಹಾಕಿದ್ದೇನೆ. ಮುಂದಿನ ಸಿಡಿಲು ಈ ದಾರಿಯಿಂದ ದಾಟುವಂತಿಲ್ಲ. ನೆಟ್‌ವರ್ಕಿನ ಮೇಲೆ ಫ್ಯಾಕ್ಸ್ ಕಳಿಸುವ ಟಿ.38 ವಿಧಾನವನ್ನು ಹೊಂದಿಸುವಾಗ ಒಂದಿಷ್ಟು ತಲೆನೋವಾಯಿತು, ಬೆಲೆಯಂತೂ ಹೊಸ ಕಾರ್ಡಿನ ಎರಡು ಪಟ್ಟು. ಮದರ್‌ಬೋರ್ಡಿನ ಬಿಲ್ಲು ಕೈಯಲ್ಲಿದ್ದಾಗ ಅದು ದುಬಾರಿ ಎನಿಸಲಿಲ್ಲ, ಅಂಥದೇ ಒಂದನ್ನು ಕೊಂಡೆ.

ಹಳೆಯ ಕಾರ್ಡು ಅದೇ ಅಟ್ಟದ ಕಂಪ್ಯೂಟರಿನಲ್ಲಿದೆ. ಗೇಟ್‌ವೇ ದುರಸ್ತಿಗೆ ಹೋದ ದಿನ ಕೇಬಲ್ ಬದಲಿಸಿದರೆ ಸಾಕು; ಸ್ಪಾನ್ ಸಾಲಿನ 1 ಹಾಗೆಯೇ ಇದೆ.