ಮೂರು ಡಿಜಿಟಲ್ ಪಿಯಾನೊ, ಬಳ್ಳಾರಿಯ ನಮ್ಮ ಮನೆಯ ಹಾಲ್‌ನಲ್ಲಿ

ಪಾಠಕ್ಕೆ ಬರುವ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ. 'ಮೇಡಂ, 50 ಸಾವಿರದ ಆಸುಪಾಸಿನಲ್ಲಿ ಯಾವ ಪಿಯಾನೊ ತಗೊಳ್ಳೋಣ?' ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಅಲ್ಲ ಇದು. ಮೂರು ಪಿಯಾನೊ ನನ್ನ ಕೈಯಲ್ಲಿ ಸಾಕಷ್ಟು ದಿನ ಇದ್ದವು, ಆ ಮೂರರ ಬಗ್ಗೆ ಮಾತ್ರ ಹೇಳುತ್ತೇನೆ.

ಯಮಹಾ ಪಿ-45 ನನ್ನದೇ, ನಾಲ್ಕು ವರ್ಷ ದಿನಾ ನುಡಿಸಿದ್ದು. ಕ್ಯಾಸಿಯೊ ಸಿಡಿಪಿ-ಎಸ್110 ನಮ್ಮ ಚರ್ಚಿನದು, ಭಾನುವಾರ ನಾನೇ ನುಡಿಸುವುದು. ರೋಲ್ಯಾಂಡ್ ಎಫ್‌ಪಿ-10 ತೋರಣಗಲ್ಲಿನ ಗೆಳತಿಯದು. ಅವಳು ಬಾಣಂತನಕ್ಕೆ ತವರಿಗೆ ಹೊರಟಾಗ, 'ನಿಮ್ಮನೇಲೇ ಇರಲಿ ಅಕ್ಕ, ಇಲ್ಲಿ ಸುಮ್ನೆ ಧೂಳು ಕುಡೀತಾ ಬಿದ್ದಿರುತ್ತೆ' ಅಂತ ಬಿಟ್ಟು ಹೋದಳು. ಮೂರು ತಿಂಗಳು ನಮ್ಮಲ್ಲಿತ್ತು. ಅದೇ ಬೇಸಿಗೆಯಲ್ಲಿ ಚರ್ಚಿಗೆ ಸುಣ್ಣ ಬಣ್ಣ ಹಚ್ಚಿಸುತ್ತಿದ್ದರು, ಹಾಗಾಗಿ ಕ್ಯಾಸಿಯೊ ಕೂಡ ಎರಡು ವಾರ ಮನೆಗೆ ಬಂತು. ಹಾಲ್‌ನಲ್ಲಿ ಓಡಾಡಲು ಜಾಗ ಇರಲಿಲ್ಲ. ಆದರೆ ಒಂದೇ ಪಾಠವನ್ನು ಒಂದರ ನಂತರ ಒಂದರ ಮೇಲೆ ನುಡಿಸಿ ನೋಡುವ ಅವಕಾಶ ಮತ್ತೆ ಸಿಗುವುದಿಲ್ಲ ಅಲ್ವಾ?

ನಮ್ಮಪ್ಪ ನಾಟಕದವರಿಗೆ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದರು. ನಾನು ಮೊದಲು ಬೆರಳಿಟ್ಟಿದ್ದು ಆ ಪೇಟಿಯ ಮೇಲೆ. ಪೇಟಿಯಲ್ಲಿ ಸದ್ದು ಜೋರಾಗುವುದು, ಮೆತ್ತಗಾಗುವುದು ಎಲ್ಲ ತಿದಿಯ ಕೆಲಸ. ಬೆರಳು ಪೇಟಿಯ ಮನೆಯನ್ನು, ಅಂದರೆ ಕೀಯನ್ನು, ಹೇಗೆ ಒತ್ತಿದರೂ ಅಷ್ಟೇ. ಪಿಯಾನೊದಲ್ಲಿ ಹಾಗಲ್ಲ, ಎಲ್ಲ ಬೆರಳಿನಲ್ಲೇ ಇದೆ. ಡಿಜಿಟಲ್ ಪಿಯಾನೊದಲ್ಲಿ ಕೀ ಕೆಳಗೆ ಸೆನ್ಸರ್‌ಗಳಿರುತ್ತವೆ, ಕೀ ಒಂದು ಸೆನ್ಸರ್ ದಾಟಿ ಇನ್ನೊಂದನ್ನು ಮುಟ್ಟಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಅಳೆದು, ಆ ವೇಗದ ಮೇಲೆ ಸದ್ದು ಎಷ್ಟಿರಬೇಕು ಅಂತ ಲೆಕ್ಕ ಹಾಕುತ್ತದೆ. ಹಾಗಾಗಿ ಎಷ್ಟು ವಾದ್ಯದ ದನಿ ಇದೆ, ಯಾವ ಆ್ಯಪ್ ಇದೆ ಅನ್ನುವುದಕ್ಕಿಂತ ಕೀ ಹೇಗಿದೆ ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ. 61 ಕೀಯ ಹಗುರ ಕೀಬೋರ್ಡಿನಲ್ಲಿ ಎರಡು ವರ್ಷ ಕಲಿತ ಮಗು ನಿಜವಾದ ಪಿಯಾನೊ ಮುಂದೆ ಕೂತಾಗ ಬೆರಳಿನಲ್ಲಿ ಬಲವೇ ಇರುವುದಿಲ್ಲ. ನುಡಿಸಿದ ಸ್ವರಗಳಲ್ಲಿ ಅರ್ಧದಷ್ಟು ಕೇಳಿಸುವುದೇ ಇಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮಗು ಅತ್ತುಬಿಟ್ಟಿತ್ತು. ಆದ್ದರಿಂದ 88 ಕೀ, ಅದೂ ಹ್ಯಾಮರ್ (ನಿಜವಾದ ಪಿಯಾನೊದಲ್ಲಿ ತಂತಿಗೆ ಬಡಿಯುವ ಸುತ್ತಿಗೆಯಂಥದ್ದು) ಇರುವ ಭಾರದ ಕೀ. ಈ ಮೂರರಲ್ಲೂ ಅದು ಇದೆ.

ಆದರೆ ಮೂರೂ ಒಂದೇ ಥರ ಇಲ್ಲ.

ಯಮಹಾದ ಕೀ ಕೆಳಸ್ಥಾಯಿಯಲ್ಲಿ ಸ್ವಲ್ಪ ಭಾರ, ಮೇಲಕ್ಕೆ ಹೋದಂತೆ ಹಗುರ. ಕೀಯ ತುದಿಯಲ್ಲಿ ನುಡಿಸಿದರೆ ಚೆನ್ನಾಗಿಯೇ ಇದೆ. ಕರಿ ಕೀಗಳ ಸಂದಿಯಲ್ಲಿ ಬೆರಳು ಹಿಂದಕ್ಕೆ ಹೋದಾಗ ಮಾತ್ರ ತೊಂದರೆ, ಅಲ್ಲಿ ಒತ್ತಲು ಜಾಸ್ತಿ ಬಲ ಬೇಕು. ತಕ್ಕಡಿಯ ಕಡ್ಡಿಯನ್ನು ನಡುವಿನ ಹತ್ತಿರ ಹಿಡಿದು ಒತ್ತಿದ ಹಾಗೆ. ಮೊದಲ ವರ್ಷದ ಮಕ್ಕಳಿಗೆ ಇದು ಗೊತ್ತೇ ಆಗುವುದಿಲ್ಲ, ಅವರು ಬಿಳಿ ಕೀಯ ಅಂಚಿನಲ್ಲೇ ಇರುತ್ತಾರೆ. ಮೂರನೇ ವರ್ಷಕ್ಕೆ, ನಾಲ್ಕೈದು ಕರಿ ಕೀ ಇರುವ ಸ್ಕೇಲ್ ಬಂದಾಗ ಗೊತ್ತಾಗುತ್ತದೆ. ಇನ್ನೊಂದು, ಇದರ ಬಿಳಿ ಕೀ ತುಂಬಾ ನುಣುಪು. ನಮ್ಮೂರಿನ ಏಪ್ರಿಲ್ ಗೊತ್ತಲ್ಲ, 40 ಡಿಗ್ರಿ ದಾಟಿದ ಮಧ್ಯಾಹ್ನ ಫ್ಯಾನ್ ಕೆಳಗೆ ಕೂತರೂ ಬೆರಳು ಬೆವರುತ್ತದೆ, ಬೆವರಿದರೆ ಜಾರುತ್ತದೆ. ನಾನು ಪಕ್ಕದಲ್ಲಿ ಯಾವಾಗಲೂ ಒಂದು ಪಂಚೆಯ ತುಂಡು ಇಟ್ಟುಕೊಂಡಿರುತ್ತಿದ್ದೆ.

ರೋಲ್ಯಾಂಡ್ ಮುಟ್ಟಿದ ಮೊದಲ ದಿನವೇ ನನಗೆ ವ್ಯತ್ಯಾಸ ಗೊತ್ತಾಯಿತು. ಕೀಯ ಮೇಲೆ ದಂತದ ಹಾಗೆ ತುಸು ತರಿ ಇದೆ, ಬೆವರಿದರೂ ಬೆರಳು ನಿಲ್ಲುತ್ತದೆ. ನಿಧಾನ ಒತ್ತಿದರೆ ಕೆಳಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ತಡೆ ಸಿಗುತ್ತದೆ, ದೊಡ್ಡ ಪಿಯಾನೊದಲ್ಲಿ ಸುತ್ತಿಗೆ ಕಳಚಿಕೊಳ್ಳುವ ಜಾಗದ ಅನುಭವ ಅದು. ಸೆನ್ಸರ್ ಎರಡಲ್ಲ, ಮೂರು. ಅದರಿಂದ ಒಂದೇ ಸ್ವರವನ್ನು ಬೇಗ ಬೇಗ ನುಡಿಸುವಾಗ ಕೀ ಪೂರ್ತಿ ಮೇಲೆ ಬರುವ ತನಕ ಕಾಯಬೇಕಿಲ್ಲ. ನನಗೆ ಜಾಸ್ತಿ ಇಷ್ಟವಾಗಿದ್ದು ಮೆತ್ತಗೆ ನುಡಿಸುವಾಗ. ಮಗು ಮಲಗಿಸುವಷ್ಟು ಮೆಲ್ಲಗೆ ನುಡಿಸಿದರೂ ಪ್ರತಿ ಸ್ವರ ಸಮನಾಗಿ ಬರುತ್ತಿತ್ತು. ಯಮಹಾದಲ್ಲಿ ಅದೇ ಸಾಲು ನುಡಿಸಿದರೆ ಹತ್ತರಲ್ಲಿ ಒಂದೆರಡು ಸ್ವರ ನನ್ನ ಕೈಯಲ್ಲಿ ನುಂಗಿಹೋಗುತ್ತಿದ್ದವು. ಕೆಲವರು ರೋಲ್ಯಾಂಡ್ ಕೀ ಭಾರ ಅನ್ನುತ್ತಾರೆ. ಹೌದು, ಮೊದಲ ವಾರ ಮುಂಗೈ ನೋವು ಬಂತು. ಎರಡನೇ ವಾರ ಹೋಯಿತು.

ಅದಕ್ಕೂ ಒಂದು ತೊಂದರೆ ಇದೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೆ ಕೀ ತಳ ಮುಟ್ಟುವ ಧಪ್ ಧಪ್ ಸದ್ದು ಸ್ಟ್ಯಾಂಡ್ ಮೂಲಕ ನೆಲಕ್ಕೆ ಇಳಿಯುತ್ತದೆ. ಕೆಳಗಿನ ಮನೆಯ ಅಜ್ಜಿ, 'ಏನವ್ವಾ, ರಾತ್ರಿ ಹತ್ತಕ್ಕೆ ಏನು ಕುಟ್ಟುತ್ತೀ?' ಅಂತ ಕೇಳಿದರು. ಸ್ಟ್ಯಾಂಡಿನ ಕಾಲಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ತುಂಬಾ ಕಡಿಮೆಯಾಯಿತು. ಭಾರದ ಕೀ ಇರುವ ಯಾವ ಪಿಯಾನೊಗೂ ಇದು ತಪ್ಪಿದ್ದಲ್ಲ, ಮಹಡಿ ಮನೆಯವರು ಗಮನದಲ್ಲಿ ಇಟ್ಟುಕೊಳ್ಳಿ.

ಕ್ಯಾಸಿಯೊದ ಕೀ ನನ್ನ ಕೈಗೆ ಇವೆರಡರ ನಡುವೆ ಬರುತ್ತದೆ. ಹಿಂಭಾಗದಲ್ಲಿ ಯಮಹಾದ ಹಾಗೇ ಬಿಗಿ, ಮೇಲ್ಮೈ ಮಾತ್ರ ಅದಕ್ಕಿಂತ ಒಳ್ಳೆಯದು. ಆದರೆ ಕ್ಯಾಸಿಯೊವನ್ನು ಕೀಯ ಮೇಲೆ ಅಳೆದರೆ ಅದಕ್ಕೆ ಅನ್ಯಾಯ. ಅದರ ಬಲ ಬೇರೆ ಕಡೆ ಇದೆ. ಮುಂದಿನಿಂದ ಹಿಂದಕ್ಕೆ ಅಗಲ 23 ಸೆಂಟಿಮೀಟರ್ ಅಷ್ಟೇ, ತೂಕ 10.5 ಕೆಜಿ. ಯಮಹಾ 11.5 ಕೆಜಿ, ರೋಲ್ಯಾಂಡ್ 12.3 ಕೆಜಿ. ಕಾಗದದ ಮೇಲೆ ಒಂದೆರಡು ಕೆಜಿ ಏನು ಮಹಾ ಅನಿಸುತ್ತದೆ, ಬ್ಯಾಗು ಹೆಗಲಿಗೆ ಹಾಕಿ ಎರಡು ಮಹಡಿ ಮೆಟ್ಟಿಲು ಇಳಿದು ಆಟೊದಲ್ಲಿ ಓರೆಯಾಗಿ ತೂರಿಸುವಾಗ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಅದು ಆರು ಪೆನ್ಸಿಲ್ ಸೆಲ್ ಮೇಲೂ ನಡೆಯುತ್ತದೆ. ಉಳಿದ ಎರಡಕ್ಕೆ ಅಡಾಪ್ಟರ್ ಬೇಕೇ ಬೇಕು. ಹಿಂದಿನ ಗುಡ್ ಫ್ರೈಡೆ ದಿನ ಪ್ರಾರ್ಥನೆಯ ನಡುವೆ ಕರೆಂಟ್ ಹೋಯಿತು. ಮೈಕ್ ನಿಂತಿತು, ಫ್ಯಾನ್ ನಿಂತಿತು, ಪಿಯಾನೊ ನಿಲ್ಲಲಿಲ್ಲ. ಅದರ ಸ್ವಂತ ಸ್ಪೀಕರ್ 8 ವ್ಯಾಟಿನ ಎರಡು, ಫ್ಯಾನ್ ಸದ್ದು ಇಲ್ಲದ ಹೊತ್ತಿನಲ್ಲಿ ಹಿಂದಿನ ಬೆಂಚಿನ ತನಕ ಕೇಳಿಸಿತು. ಎಲ್ಲರೂ ಪಿಯಾನೊ ಜೊತೆಗೇ ಹಾಡಿ ಮುಗಿಸಿದರು. ಆ ದಿನದಿಂದ ನನಗೆ ಆ ವಾದ್ಯದ ಮೇಲೆ ಪ್ರೀತಿ.

ವೇದಿಕೆಗೆ ಒಯ್ಯುವವರಿಗೆ ಒಂದು ಮಾತು. ಮೂರರಲ್ಲೂ ಬೇರೆ ಲೈನ್ ಔಟ್, ಅಂದರೆ ಹೊರಗಿನ ಸೌಂಡ್ ಸಿಸ್ಟಂಗೆ ಜೋಡಿಸುವ ತೂತು, ಇಲ್ಲ. ಮಿಕ್ಸರ್‌ಗೆ ಹೆಡ್‌ಫೋನ್ ತೂತಿನಿಂದಲೇ ತಂತಿ ಎಳೆಯಬೇಕು, ಎಳೆದರೆ ಒಳಗಿನ ಸ್ಪೀಕರ್ ಬಂದ್. ಎದುರಿಗೆ ಒಂದು ಮಾನಿಟರ್ ಸ್ಪೀಕರ್ ಇಲ್ಲದಿದ್ದರೆ ನೀವು ನುಡಿಸುವುದು ನಿಮಗೇ ಕೇಳಿಸುವುದಿಲ್ಲ. ತಂತಿ ಕೊಳ್ಳುವ ಮೊದಲು ಪಿನ್ ನೋಡಿ, ಯಮಹಾದ್ದು ದೊಡ್ಡ ಪಿನ್, ಉಳಿದೆರಡರದು ಮೊಬೈಲಿನಂಥ ಸಣ್ಣ ಪಿನ್. ಹಳೆ ಪೇಟಿ ಜೊತೆ ನುಡಿಸುವವರಿಗೆ ಸಮಾಧಾನದ ವಿಷಯವೂ ಇದೆ. ಪೇಟಿಯ ಶ್ರುತಿ ಎಷ್ಟೋ ಸಲ ಪಿಯಾನೊಗಳ ಮಾಮೂಲಿ ಶ್ರುತಿಯಾದ 440 ಹರ್ಟ್ಜ್‌ಗೆ ಸರಿಯಾಗಿ ಕೂರುವುದಿಲ್ಲ. ಮೂರರಲ್ಲೂ ಶ್ರುತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಿ ಕೂಡಿಸಬಹುದು. ಹಾಡುವವರು 'ಬಿಳಿ ಎರಡಕ್ಕೆ ಆಗಲ್ಲ, ಕರಿ ಒಂದಕ್ಕೆ ಇಳಿಸಿ' ಅಂದರೆ ಇಡೀ ಶ್ರುತಿಯನ್ನು ಒಂದೊಂದೇ ಮನೆ ಮೇಲೆ ಕೆಳಗೆ ಸರಿಸುವ ಟ್ರಾನ್ಸ್‌ಪೋಸ್ ಇದೆ. ಆದರೆ ಎಲ್ಲದಕ್ಕೂ ಒಂದು ಬಟನ್ ಹಿಡಿದು ಯಾವುದೋ ಕೀ ಒತ್ತಬೇಕು, ಮನೆಯಲ್ಲೇ ಕಲಿತು ಹೋಗಿ.

ಪಾಲಿಫೋನಿ, ಅಂದರೆ ಒಂದೇ ಹೊತ್ತಿಗೆ ಎಷ್ಟು ಸ್ವರ ಮೊಳಗಬಹುದು ಅನ್ನುವುದು, ಅದರ ಬಗ್ಗೆ ಅಂಗಡಿಯವರು ಜಾಸ್ತಿ ಮಾತಾಡುತ್ತಾರೆ. ಯಮಹಾ, ಕ್ಯಾಸಿಯೊ 64, ರೋಲ್ಯಾಂಡ್ 96. ಪೆಡಲ್ ಒತ್ತಿ ಹಿಡಿದು ಉದ್ದದ ಓಟ ನುಡಿಸುವವರಿಗೆ ಬಿಟ್ಟರೆ, ಕಲಿಯುವ ಮಕ್ಕಳಿಗೆ 64 ಸಾಕು.

ಅಡಾಪ್ಟರ್ ಮಾತ್ರ ಪೆಟ್ಟಿಗೆಯಲ್ಲಿ ಬಂದದ್ದನ್ನೇ ಬಳಸಿ. ನನ್ನದು ಕಳೆದಾಗ ಪೇಟೆಯಲ್ಲಿ ಸಿಕ್ಕ ಅಗ್ಗದ್ದನ್ನು ತಂದೆ. ಒಂದು ಸಂಜೆ ವೋಲ್ಟೇಜ್ ಏರುಪೇರಾಗಿ ಅದು ಸುಟ್ಟ ವಾಸನೆ ಬಂತು, ಪಿಯಾನೊ ಉಳಿದದ್ದು ದೊಡ್ಡದು. ಮುಚ್ಚಲು ಪ್ಲಾಸ್ಟಿಕ್ ಬೇಡ, ಹಳೆ ಕಾಟನ್ ಸೀರೆ ಎರಡು ಮಡಿಕೆ ಮಾಡಿ ಹೊದಿಸಿ. ನಮ್ಮ ಕೆಂಪು ಧೂಳು ಅದರಲ್ಲೇ ನಿಲ್ಲುತ್ತದೆ, ವಾರಕ್ಕೊಮ್ಮೆ ಒಗೆದರಾಯಿತು.

ನಾನು ಏನು ಮಾಡಿದೆ ಅಂದರೆ, ಪಿ-45 ಅನ್ನು ನನ್ನದೇ ಒಬ್ಬ ವಿದ್ಯಾರ್ಥಿನಿಯ ಮನೆಗೆ ಕೊಟ್ಟು ಎಫ್‌ಪಿ-10 ತಗೊಂಡೆ. ಉಳಿದೆರಡಕ್ಕಿಂತ ಹತ್ತು ಸಾವಿರಕ್ಕೂ ಜಾಸ್ತಿ ಆಯಿತು. ಪರೀಕ್ಷೆ ಕಟ್ಟಿಸಿ ಐದಾರು ವರ್ಷ ಕಲಿಸುವ ಯೋಚನೆ ಇದ್ದರೆ ಆ ಹತ್ತು ಸಾವಿರ ಕೊಡಿ ಅಂತಲೇ ನಾನು ಹೇಳುವುದು. ಚರ್ಚು, ಭಜನೆ, ಆರ್ಕೆಸ್ಟ್ರಾ ಅಂತ ಎತ್ತಿಕೊಂಡು ತಿರುಗುವವರಿಗೆ ಕ್ಯಾಸಿಯೊ. ಯಮಹಾ ಬೇಕು ಅನ್ನುವವರು ಗಮನಿಸಿ, ಪಿ-45ರ ಜಾಗಕ್ಕೆ 2023ರಲ್ಲಿ ಪಿ-145 ಬಂದಿದೆ, ಅದರ ಕೀಯ ಒಳಗಿನ ರಚನೆಯೇ ಬೇರೆ. ಹಾಗಾಗಿ ನಾನು ಕೀ ಬಗ್ಗೆ ಹೇಳಿದ್ದು ಹಳೆಯದಕ್ಕೆ ಮಾತ್ರ, ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಉಪಯೋಗಕ್ಕೆ ಬರುತ್ತದೆ.

ನಾನು ಕೇಳಿದ ಅಂಗಡಿಗಳಲ್ಲಿ ಇಲ್ಲಿ 61 ಕೀಯದೇ ಜಾಸ್ತಿ, 88 ಬೇಕೆಂದರೆ ತರಿಸಿ ಕೊಡುತ್ತೇವೆ ಅನ್ನುತ್ತಾರೆ. ನೋಡದೆ ತರಿಸಬೇಡಿ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಯಿರಿ, ಮಗುವನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಡೆಮೊ ಹಾಕಿದರೆ ನಿಲ್ಲಿಸಲು ಹೇಳಿ, ಮಗುವಿಗೆ ಬರುವ ಒಂದೇ ಹಾಡನ್ನು ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ ನುಡಿಸಲು ಹೇಳಿ. ನೀವು ನೋಡುವ ಪ್ರತಿ ಪಿಯಾನೊದ ಮೇಲೂ. ಆಮೇಲೆ ಹಿಂದೆ ನಿಂತು ಮಗುವಿನ ಭುಜ ನೋಡಿ, ಯಾವುದರ ಮೇಲೆ ಭುಜ ಮೇಲೇಳದೆ ಸಡಿಲವಾಗಿ ಇರುತ್ತದೋ ಅದನ್ನೇ ತಗೊಳ್ಳಿ.