ಡೋರ್ ಟೀ ಎಲ್ಲ ಕಡೆಗೂ ಆಗದು: 110 ಎಂಎಂ ಕ್ಲೀನ್‌ಔಟ್ ಸಾಮಾನುಗಳ ವಿಮರ್ಶೆ

ಹೊಲಸು ನೀರಿನ ಪೈಪು ಕಟ್ಟಿದಾಗ ಬಿಚ್ಚಿ ಶುಚಿ ಮಾಡಲು ಇಡುವ ಬಾಯಿಯೇ ಕ್ಲೀನ್‌ಔಟ್. ಅಂಗಡಿಯಲ್ಲಿ ಕ್ಲೀನ್‌ಔಟ್ ಕೊಡಿ ಎಂದರೆ ಕೌಂಟರಿನ ಮೇಲೆ ಬಂದು ಕೂಡುವುದು 110 ಎಂಎಂ ಡೋರ್ ಟೀ, ಅಂದರೆ ಬಿಚ್ಚುವ ಬಾಗಿಲಿರುವ, ಪಕ್ಕಕ್ಕೊಂದು ಬಾಯಿ ಇರುವ ತುಂಡು. ವಿಜಯಪುರ, ಬಾಗಲಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಗೋಡೆಗೆ ನಿಂತ ಪೈಪಿಗೂ ಅದೇ, ನೆಲದೊಳಗೆ ಮಲಗಿದ ಪೈಪಿಗೂ ಅದೇ. ನಿಂತ ಪೈಪಿಗೆ ಅದು ನಿಜವಾಗಿಯೂ ಒಳ್ಳೆಯ ಸಾಮಾನು. ಮಲಗಿದ ಪೈಪಿಗೆ ಮಾತ್ರ ಹಾಕಿಸಬೇಡಿ. ಅಲ್ಲಿಗೆ ಬೇಕಾದ್ದು 45 ಡಿಗ್ರಿಯ ವೈ (ಇಂಗ್ಲಿಷಿನ Y ಆಕಾರದ ತುಂಡು), ಅದರ ಮೇಲೆ 45 ಡಿಗ್ರಿ ಬೆಂಡ್, ಒಂದು ತುಂಡು ಪೈಪು, ನೆಲಮಟ್ಟದಲ್ಲಿ ಥ್ರೆಡ್ ಇರುವ ಪ್ಲಗ್.

ಮೊದಲು ಡೋರ್ ಟೀ. ಕೊಳ್ಳುವಾಗ ಮೈಮೇಲೆ ಐಎಸ್‌ಐ ಗುರುತು, ಐಎಸ್ 14735 ಅಚ್ಚಾಗಿದೆಯೇ ನೋಡಿ. ಪೈಪಿನ ಸಂಖ್ಯೆ ಬೇರೆ, ಐಎಸ್ 13592. ಅದರಲ್ಲಿ ಸಂಡಾಸಿನ ಲೈನಿಗೆ ಟೈಪ್ ಬಿ ಬೇಕು. 110 ಎಂಎಂನಲ್ಲಿ ಟೈಪ್ ಬಿ ಗೋಡೆ ಕನಿಷ್ಠ 3.2 ಎಂಎಂ ದಪ್ಪ, ಟೈಪ್ ಎ 2.2 ಎಂಎಂ. ಟೈಪ್ ಎ ಮಳೆನೀರಿಗೆ, ಗಾಳಿಪೈಪಿಗೆ. ಆಮೇಲೆ ಅಂಗಡಿಯಲ್ಲೇ ಬಾಗಿಲು ಬಿಚ್ಚಿಸಿ. ಒಳಗೆ ಬೆರಳು ಆಡಿಸಿದರೆ ಬಾಗಿಲಿನ ಒಳಮೈ ಪೈಪಿನ ಗುಂಡಗಿನ ಒಳಮೈಗೆ ಸರಿಸಮ ಕೂತಿರಬೇಕು. ಒಳಗೆ ಚಾಚಿಕೊಂಡ ಅಂಚಿದ್ದರೆ ಕೂದಲು, ಬಟ್ಟೆಯ ಎಳೆ ಮೊದಲು ಸಿಕ್ಕಿಕೊಳ್ಳುವುದು ಅಲ್ಲಿಯೇ. ಕಟ್ಟಿದ್ದನ್ನು ತೆಗೆಯಲು ಇಟ್ಟ ಬಾಗಿಲೇ ಕಟ್ಟಿಸುತ್ತದೆ. ರಬ್ಬರ್ ವಾಷರ್ ತನ್ನ ಕಚ್ಚಿನಲ್ಲಿ ಪೂರ್ತಿ ಕೂತಿರಲಿ, ಎಲ್ಲೂ ಮಡಚಿರಬಾರದು. ಬೋಲ್ಟ್ ಸಾದಾ ಕಬ್ಬಿಣದ್ದಾದರೆ ಆಗಲೇ ಸ್ಟೇನ್‌ಲೆಸ್ ಸ್ಟೀಲಿನವು ತಂದು ಬದಲಿಸಿ. ಬೇಕಾದ ದಿನ ತುಕ್ಕು ಹಿಡಿದ ಬೋಲ್ಟ್ ತಿರುಗುವುದಿಲ್ಲ, ಜೋರು ಮಾಡಿದರೆ ಬಾಗಿಲಿನ ಕಿವಿಯೇ ಮುರಿಯುತ್ತದೆ.

ಇದರ ಜಾಗ: ಪ್ರತಿ ಅಂತಸ್ತಿನಲ್ಲಿ ಸಂಡಾಸಿನ ಪೈಪು ನಿಂತ ಪೈಪಿಗೆ ಸೇರುವಲ್ಲಿ ಒಂದು. ನಿಂತ ಪೈಪಿನ ಬುಡಕ್ಕೆ ಟೀ ಬೇಡ, ಕ್ಲೀನಿಂಗ್ ಪೈಪ್ ಹಾಕಿ. ಅದು ಪಕ್ಕದ ಬಾಯಿ ಇಲ್ಲದ, ಬಾಗಿಲು ಮಾತ್ರ ಇರುವ ನೇರ ತುಂಡು. ಪೈಪು ಬುಡದಲ್ಲಿ ತಿರುಗುವಲ್ಲಿಯೇ ಹೆಚ್ಚು ಕಟ್ಟುತ್ತದೆ. ಅಲ್ಲಿ ಒಂದೇ 87.5 ಡಿಗ್ರಿ ಬೆಂಡ್ ಕೊಡುವ ಬದಲು ಎರಡು 45 ಡಿಗ್ರಿ ಬೆಂಡ್ ಕೊಟ್ಟರೆ ಹರಿವಿಗೂ ಒಳ್ಳೆಯದು, ಕಟ್ಟಿದ್ದನ್ನು ಬಿಡಿಸಲು ಒಳಗೆ ತೂರಿಸಿ ತಿರುಗಿಸುವ ಉದ್ದನೆಯ ಸ್ಪ್ರಿಂಗ್ ಕೂಡ ಸಲೀಸಾಗಿ ತಿರುಗುತ್ತದೆ.

ಬುಡದ ಬಾಗಿಲಿನ ಎತ್ತರದ ಬಗ್ಗೆ ಸ್ವಲ್ಪ ಲೆಕ್ಕ ಹಾಕಿ. 110 ಎಂಎಂ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 8.4 ಲೀಟರ್ ನೀರು ಹಿಡಿಯುತ್ತದೆ. ಬುಡದಲ್ಲಿ ಕಟ್ಟಿ ಮೂರು ಮೀಟರ್ ತುಂಬಿ ನಿಂತರೆ 25 ಲೀಟರ್ ಹೊಲಸು ಆ ಬಾಗಿಲಿನ ಹಿಂದೆ ಕಾಯುತ್ತಿರುತ್ತದೆ. ಬಾಗಿಲು ನೆಲಕ್ಕೆ ಅಂಟಿಕೊಂಡಿದ್ದರೆ ಕೆಳಗೆ ಬಕೆಟ್ ಇಡಲು ಜಾಗವೇ ಇರುವುದಿಲ್ಲ. ಅರ್ಧ ಮೀಟರಿಗೆ ಸ್ವಲ್ಪ ಮೇಲೆ ಇಟ್ಟರೆ ಬಕೆಟೂ ಕೂಡುತ್ತದೆ, ಕೈಯೂ ಹೋಗುತ್ತದೆ. ಬಿಚ್ಚುವಾಗ ಬೋಲ್ಟ್ ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿ, ನೀರು ಸೋರಿ ಇಳಿಯುವವರೆಗೆ ನಿಲ್ಲಿ. ಮತ್ತೆ ಹಾಕುವಾಗ ಒಂದೊಂದಾಗಿ ಬಿಗಿಯದೆ, ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಎಂದು ತಿರುಗಿಸಿ.

ಬಾಗಿಲಿನ ಮುಖವೂ ಅಷ್ಟೇ ಮುಖ್ಯ. ಬಾಗಲಕೋಟೆಯ ನವನಗರದಂಥ ಬಡಾವಣೆಯಲ್ಲಿ 30x40 ಸೈಟು ಕಟ್ಟಿದರೆ ಪಕ್ಕದಲ್ಲಿ ಉಳಿಯುವುದು ಒಬ್ಬರು ಓಡಾಡುವಷ್ಟು ಓಣಿ. ಬಾಗಿಲು ಕಂಪೌಂಡಿಗೆ ನೇರ ಮುಖ ಮಾಡಿದರೆ ಸ್ಪ್ರಿಂಗಿನ ಹ್ಯಾಂಡಲ್ ತಿರುಗುವುದಿಲ್ಲ. ಎದುರಿಗೆ 450ರಿಂದ 600 ಎಂಎಂ ಖಾಲಿ ಬೇಕು. ಇಲ್ಲವಾದರೆ ಓಣಿಯ ಉದ್ದಕ್ಕೆ ಮುಖ ತಿರುಗಿಸಿ. ಪಿವಿಸಿ ಅಂಟು ಹಾಕಿದ ಮೇಲೆ ತಿರುಗಿಸಲು ಬರುವುದಿಲ್ಲ, ಅದಕ್ಕೇ ಮೊದಲು ಅಂಟು ಹಚ್ಚದೆ ಜೋಡಿಸಿ ನೋಡಿ ಗೆರೆ ಎಳೆದುಕೊಳ್ಳಬೇಕು.

ಪೈಪು ಜೋಡಿಸಲು ಅಂಟು, ರಬ್ಬರ್ ರಿಂಗ್ ಎರಡರಲ್ಲಿ ನಮ್ಮ ಬಿಸಿಲಿಗೆ ರಿಂಗ್ ಲೇಸು. 3 ಮೀಟರ್ ಪಿವಿಸಿ ಪೈಪು 30 ಡಿಗ್ರಿ ಸೆಲ್ಸಿಯಸ್ ಏರುಪೇರಿಗೆ 6 ಎಂಎಂ ಹತ್ತಿರ ಹಿಗ್ಗುತ್ತದೆ. ಪೈಪನ್ನು ಪೂರ್ತಿ ಒಳಗೆ ತಳ್ಳಿ ಗುರುತು ಹಾಕಿ, 10 ಎಂಎಂ ಹಿಂದಕ್ಕೆ ಎಳೆಯಬೇಕು. ರಿಂಗಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಸಾಬೂನಿನ ನೀರು ಸಾಕು.

ಇನ್ನು ಮಲಗಿದ ಲೈನು. ಡೋರ್ ಟೀ ಇಲ್ಲಿ ಸೋಲಲು ಎರಡು ಕಾರಣ. ಅದರ ಬಾಯಿ ನೇರ 90 ಡಿಗ್ರಿ, ಸ್ಪ್ರಿಂಗ್ ಎದುರಿನ ಮೈಗೆ ಬಡಿದು ಯಾವ ಕಡೆ ಹೊರಳುತ್ತದೋ ಹೇಳಲಾಗದು. ಎರಡನೆಯದಾಗಿ ಆ ಬಾಗಿಲು ಮಣ್ಣಿನಡಿ ಹೂತಿರುತ್ತದೆ. ತೆರೆಯಬೇಕೆಂದರೆ ಫರ್ಶಿ ಎಬ್ಬಿಸಬೇಕು. ವೈಯ ಕೊಂಬು ಮೇಲಿನಿಂದ ಬಂದು ಹರಿವಿನ ದಿಕ್ಕಿಗೆ ಸೇರುವ ಹಾಗೆ ಕೂಡಿಸಿದರೆ ಸ್ಪ್ರಿಂಗ್ ತಾನಾಗಿ ಗಟಾರದ ಕಡೆ ಇಳಿಯುತ್ತದೆ. ಗೌಂಡಿಗಳು ಇದನ್ನು ತಿರುಗಾಮುರುಗಾ ಇಟ್ಟುಬಿಡುವುದುಂಟು. ಮಣ್ಣು ಮುಚ್ಚುವ ಮೊದಲು ನೀವೇ ನಿಂತು ನೋಡಿ. ಲೈನು ಶುರುವಾಗುವಲ್ಲಿ ಒಂದು, 45 ಡಿಗ್ರಿಗಿಂತ ಹೆಚ್ಚು ತಿರುಗುವ ಪ್ರತಿ ಮೂಲೆಗೆ ಒಂದು, ನೇರ ಓಟದಲ್ಲಿ ನಿಮ್ಮೂರಲ್ಲಿ ಸಿಗುವ ಸ್ಪ್ರಿಂಗ್ ಎಷ್ಟು ಉದ್ದವೋ ಅಷ್ಟರೊಳಗೆ ಒಂದು. 10 ಮೀಟರ್ ಸ್ಪ್ರಿಂಗ್ ಇದ್ದು 14 ಮೀಟರಿಗೆ ಬಾಯಿ ಇಟ್ಟರೆ ನಡುವಿನ 4 ಮೀಟರಿಗೆ ಯಾರೂ ದಿಕ್ಕಿಲ್ಲ. ಇಳಿಜಾರು ಮೀಟರಿಗೆ 25 ಎಂಎಂ.

ಎರೆ ಮಣ್ಣಿನ ಮನೆಗಳಿಗೆ ಒಂದು ಮಾತು ಜಾಸ್ತಿ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಪೈಪು ಅದರ ಜೊತೆ ಅಲುಗುತ್ತದೆ. ಕೆಳಗೆ ಮೇಲೆ 100ರಿಂದ 150 ಎಂಎಂ ಮರಳು ಅಥವಾ ಸಣ್ಣ ಗರಸು ಹಾಸದಿದ್ದರೆ ನಡುವೆ ಜೋತು, ಅಲ್ಲೇ ಗಸಿ ಕೂಡುತ್ತದೆ. ಮೇಲೆ ಬರುವ ಕ್ಲೀನ್‌ಔಟ್ ಪೈಪನ್ನು ಕಾಂಕ್ರೀಟಿನಲ್ಲಿ ಬಿಗಿದರೆ ನೆಲ ಒಂದು ಕಡೆ, ಪೈಪು ಒಂದು ಕಡೆ ಎಳೆದು ವೈ ಬುಡದಲ್ಲಿ ಸೀಳುತ್ತದೆ. ಸುತ್ತ 160 ಎಂಎಂ ಪೈಪಿನ ತುಂಡೊಂದನ್ನು ತೋಳಿನಂತೆ ಹಾಕಿ ನಡುವೆ ಮರಳು ತುಂಬಿದರೆ ಪೈಪಿಗೆ ಆಡಲು ಜಾಗ ಸಿಗುತ್ತದೆ. ಬೆಳಗಾವಿಯ ಮಳೆಗೆ ಬೇರೆ ಚಿಂತೆ: ಪ್ಲಗ್ ಅಂಗಳದ ನೀರು ಹರಿಯುವ ದಾರಿಯಲ್ಲಿರಬಾರದು, ಫರ್ಶಿಗಿಂತ 25 ಎಂಎಂ ಎದ್ದಿರಲಿ.

ಅಡಿಗೆಮನೆ ಮತ್ತು ಬಚ್ಚಲಿನ 75 ಎಂಎಂ ಲೈನಿಗೆ ಕ್ಲೀನ್‌ಔಟ್ ಹಾಕದೆ ಬಿಡುವವರೇ ಜಾಸ್ತಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳಿ ಗಸಿಯಾಗಿ ಪೈಪಿಗೆ ಅಂಟುತ್ತದೆ, ಅದರ ಮೇಲೆ ಎಣ್ಣೆಜಿಡ್ಡು ಹೆಪ್ಪುಗಟ್ಟುತ್ತದೆ. ಸಿಂಕಿನ ಪೈಪು ಗೋಡೆ ದಾಟಿ ಹೊರಬಂದ ಕೂಡಲೇ 75 ಎಂಎಂ ಡೋರ್ ಬೆಂಡ್ ಒಂದಿದ್ದರೆ ಐದು ನಿಮಿಷದ ಕೆಲಸ.

ಪ್ಲಗ್‌ಗೆ ಟೆಫ್ಲಾನ್ ಟೇಪ್ ಮೂರು ಸುತ್ತು ಸಾಕು. ಓ ರಿಂಗ್ ಇದ್ದರೆ ಅದೂ ಬೇಡ. ಸೋರಿತೆಂದು ಬಾಗಿಲಿಗೆ ಎಪಾಕ್ಸಿ ಮೆತ್ತುವುದು, ಥ್ರೆಡ್‌ಗೆ ಪಿವಿಸಿ ಅಂಟು ಸುರಿಯುವುದು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಒಮ್ಮೆ ಅಂಟಿದರೆ ಅದು ಕ್ಲೀನ್‌ಔಟ್ ಅಲ್ಲ, ದುಬಾರಿ ಸಾಕೆಟ್ ಅಷ್ಟೇ. ಮುಚ್ಚುವ ಮೊದಲು ಕೆಳಗಿನ ಬಾಯಿ ಬಂದ್ ಮಾಡಿ ನೀರು ತುಂಬಿ ಅರ್ಧ ಗಂಟೆ ಬಿಡಿ, ಪ್ರತಿ ಬಾಗಿಲಿನ ಕೆಳಗೆ ಒಣ ಕಾಗದ ಒತ್ತಿ ನೋಡಿ. ಫರ್ಶಿ ಹಾಕುವ ದಿನ ಪ್ರತಿ ಪ್ಲಗ್ ಎರಡು ಗೋಡೆಗಳಿಂದ ಎಷ್ಟು ದೂರವಿದೆ ಎಂದು ಟೇಪ್ ಹಿಡಿದು ಅಳೆದು, ಮೀಟರ್ ಬೋರ್ಡಿನ ಬಾಗಿಲ ಒಳಗೆ ಬರೆದಿಡಿ.